ಬ್ರೋಕರಣ್ಣನ ಅನುಮಾನಶಾಸ್ತ್ರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಬ್ರೋಕರಣ್ಣ ಗೊತ್ತು. ವಿಜಯನಗರದವನಾಗಲಿ, ಹೆಚ್‌ಎಸ್‌ಆರ್ ಲೇಔಟಿನವನಾಗಲಿ, ಆಸಾಮಿ ಒಂದೇ. ಸ್ಕೂಟರಿನ ಬಣ್ಣ ಮಾತ್ರ ಬೇರೆ. ಸೀಟಿನಡಿಯ ಡಿಕ್ಕಿಯಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ಚೀಟಿಯ ಮೇಲೆ ಬಾಲ್‌ಪೆನ್ನಿನ ಅಕ್ಷರ: ‘ನಂದಿನಿ ಬೂತ್ ಹಿಂದೆ, 3ನೇ ಫ್ಲೋರ್, ಎಳೆದುಕೊಂಡು ತಿರುಗಿಸಬೇಕು’. ಫೋನಿನಲ್ಲಿ ಹೊಸ ಪಾರ್ಟಿಯ ದನಿ ಕೇಳಿದ ಕೂಡಲೇ ಆತನ ಸಂದರ್ಶನ ಶುರು. ಎಷ್ಟು ಜನ ಇರೋದು? ಫ್ಯಾಮಿಲೀನಾ, ಬ್ಯಾಚುಲರಾ? ವೆಜ್ಜಾ, ನಾನ್‌ವೆಜ್ಜಾ? ಕೆಲಸ ಯಾವ ಕಂಪನೀಲಿ? ಊರು ಯಾವುದು, ಅಂದ್ರೆ ಸ್ವಂತ ಊರು? ಅತ್ತೆ ಮಾವ ಬಂದು ಹೋಗ್ತಾರಾ, ಬಂದು ಇದ್ದುಬಿಡ್ತಾರಾ? ನಾಯಿ ಗೀಯಿ? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಹೀಗೆ ಮೂರು ತಲೆಮಾರು ಜಾಲಾಡಿದ ಮೇಲೆ ಆತ ಮಾಡುವುದೇನೆಂದರೆ, ಸಂಜೆ ಏಳು ಗಂಟೆಗೆ ಅದೇ ಪಾರ್ಟಿಯ ಜೊತೆ, ಅವರ ಹೆಸರನ್ನೂ ಕೇಳದೆ, ಖಾಲಿ ಕಟ್ಟಡದ ನಾಲ್ಕನೇ ಮಹಡಿ ಹತ್ತಿ, ಬೀಗ ತೆಗೆದು ಒಳಗೆ ಹೋಗಿ, ಸೊಳ್ಳೆ ಬರುತ್ತದೆಂದು ಬಾಗಿಲು ಹಾಕಿಕೊಳ್ಳುವುದು.

ಬ್ರೋಕರಣ್ಣನಿಗೆ ಅನುಮಾನವೇ ಇಲ್ಲ ಎಂದು ಯಾರೂ ಹೇಳಲಾರರು. ಅನುಮಾನವೇ ಆತನ ಬಂಡವಾಳ. ಆ ಬಂಡವಾಳವನ್ನೆಲ್ಲ ಆತ ಓನರ್ ಖಾತೆಗೆ ಜಮಾ ಮಾಡಿ, ತನ್ನ ಖಾತೆಯಲ್ಲಿ ಬಿಡಿಗಾಸೂ ಇಟ್ಟುಕೊಂಡಿಲ್ಲ ಎನ್ನುವುದೇ ನನ್ನ ತಕರಾರು. ಗೋಡೆಗೆ ಮೊಳೆ ಹೊಡೆದಾರು, ಅಡುಗೆಮನೆಯಲ್ಲಿ ಮೀನು ಹುರಿದಾರು, ರಾತ್ರಿ ಹನ್ನೊಂದಕ್ಕೆ ಗೆಳೆಯರು ಬಂದಾರು, ಬಾಡಿಗೆ ಐದನೇ ತಾರೀಕು ದಾಟೀತು: ಹೀಗೆ ಬಂದೇ ತೀರುವ ಆಪತ್ತುಗಳ ಪಟ್ಟಿ ಆತನಿಗೆ ಬಾಯಿಪಾಠ. ಅವೆಲ್ಲವೂ ಗೋಡೆಗೆ, ಅಡುಗೆಮನೆಗೆ, ಓನರ್ ರಕ್ತದೊತ್ತಡಕ್ಕೆ ಸಂಬಂಧಿಸಿದವು. ತನ್ನ ಕತ್ತಿನ ಸರ, ಜೇಬಿನ ಟೋಕನ್ ಅಡ್ವಾನ್ಸ್, ಒಟ್ಟಾರೆ ತನ್ನ ಮೈಕೈ ಆ ಪಟ್ಟಿಯಲ್ಲೇ ಇಲ್ಲ. ಆತನ ಮೊಬೈಲಿನಲ್ಲಿ ಪಾರ್ಟಿಗಳಿಗೆ ಹೆಸರೂ ಇರುವುದಿಲ್ಲ. ‘ಟೂ ಬಿಎಚ್‌ಕೆ ಈಸ್ಟ್ ಫೇಸಿಂಗ್’, ‘25 ಸಾವಿರ ಪಾರ್ಟಿ’, ‘25 ಸಾವಿರ ಪಾರ್ಟಿ ಹೊಸದು’, ‘ಚೌಕಾಸಿ ಮೇಡಂ ಎತ್ತಬೇಡ’. ನಾಳೆ ಏನಾದರೂ ಹೆಚ್ಚುಕಡಿಮೆಯಾಗಿ ಇನ್‌ಸ್ಪೆಕ್ಟರ್ ಬಂದು, ಕೊನೆಗೆ ಯಾರ ಜೊತೆ ಹೋಗಿದ್ದರು ಎಂದು ಕೇಳಿದರೆ ಮನೆಯವರು ಕೊಡಬಹುದಾದ ಸುಳಿವು ಒಂದೇ: ಆರೋಪಿಗೆ ಪೂರ್ವದ ಬಾಗಿಲು ಇಷ್ಟ.

ಆತ ಮನೆ ತೋರಿಸುವ ಶೈಲಿಯನ್ನೇ ನೋಡಿ. ಬೀಗ ತೆಗೆದವನೇ ಮುಂದೆ ನುಗ್ಗುತ್ತಾನೆ, ಪಾರ್ಟಿ ಹಿಂದೆ. ಮೊದಲು ಅಡುಗೆಮನೆ. ನಲ್ಲಿ ತಿರುಗಿಸಿ ಕಾವೇರಿಯನ್ನು ಪ್ರತ್ಯಕ್ಷ ತೋರಿಸಬೇಕು. ಅವತ್ತು ಕಾವೇರಿಯ ಸರದಿ ಇಲ್ಲದಿದ್ದರೆ ಬೋರ್‌ವೆಲ್ ನೀರಿಗೇ ಆ ಹೆಸರಿಡಬೇಕು. ಆಮೇಲೆ ಮಾಸ್ಟರ್ ಬೆಡ್‌ರೂಮ್, ಅದರೊಳಗಿನ ಬಾತ್‌ರೂಮ್. ಗೀಸರ್ ಸ್ವಿಚ್ ಇರುವ ಮೂಲೆಗೆ ಹೋಗಿ, ಬಂದವರಿಗೆ ಬೆನ್ನು ಹಾಕಿ, ಹೋದ ವರ್ಷವಷ್ಟೇ ಹಾಕಿಸಿದ್ದು ಎಂದು ಗೀಸರಿಗೇ ಹೇಳುವವನಂತೆ ಹೇಳುತ್ತಾನೆ. ಆ ಗಳಿಗೆಯಲ್ಲಿ ಆತನಿಗೂ ಮೆಟ್ಟಿಲಿಗೂ ನಡುವೆ ಮೂರು ಬಾಗಿಲು, ಮತ್ತು ಒಬ್ಬ ಅಪರಿಚಿತ. ಬೀಗದ ಕೈ ಹೊರಬಾಗಿಲಲ್ಲೇ ನೇತಾಡುತ್ತಿರುತ್ತದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಈ ಕಸುಬಿನವರಿಗೆ ಹೇಳಿಕೊಡುವ ಪಾಠ ಇದರ ಪೂರಾ ತಿರುವುಮುರುವು. ಬಂದವರನ್ನು ಮುಂದೆ ಬಿಡಿ, ನೀವು ಬಾಗಿಲ ಕಡೆಗೇ ಇರಿ, ಒಳಕೋಣೆಯನ್ನು ಹೊಸ್ತಿಲಲ್ಲಿ ನಿಂತೇ ತೋರಿಸಿ ಎನ್ನುತ್ತಾರೆ. ನಮ್ಮವನಿಗೆ ಇದು ಒಗ್ಗುವುದಿಲ್ಲ. ತೋರಿಸುವವನೇ ಹಿಂದೆ ನಿಂತರೆ ಮನೆಯಲ್ಲಿ ಏನೋ ಐಬಿದೆ ಅಂದುಕೊಳ್ಳುತ್ತಾರೆ ಎಂಬುದು ಆತನ ವಾದ. ನೆಟ್‌ವರ್ಕೇ ಸಿಗದ ಬೇಸ್‌ಮೆಂಟಿಗೂ ಆತನೇ ಮುಂದು, ಕಟಕಟೆ ಇಲ್ಲದ ಟೆರೇಸಿನ ಅಂಚಿಗೂ ಆತನೇ ಮುಂದು: ‘ಇಲ್ಲಿ ಬನ್ನಿ ಸಾರ್, ಮೆಟ್ರೋ ಕಾಣುತ್ತೆ!’

ಇಲ್ಲಿ ನಗು ಸ್ವಲ್ಪ ಹೊತ್ತು ಬದಿಗಿರಲಿ. 1986ರ ಜುಲೈ 28ರಂದು ಲಂಡನ್ನಿನ ಫುಲಂನಲ್ಲಿ ಸೂಜಿ ಲ್ಯಾಂಪ್ಲೂ ಎಂಬ 25 ವರ್ಷದ ಎಸ್ಟೇಟ್ ಏಜೆಂಟ್, ‘ಮಿಸ್ಟರ್ ಕಿಪ್ಪರ್’ ಎಂಬುವರಿಗೆ ಮನೆ ತೋರಿಸಲು ಆಫೀಸಿನಿಂದ ಹೊರಟವರು ಮತ್ತೆ ಬರಲಿಲ್ಲ. ಅವರ ದೇಹ ಸಿಗಲೇ ಇಲ್ಲ. 1993ರಲ್ಲಿ ಮೃತರೆಂದು ಘೋಷಿಸಲಾಯಿತು. ಅವರ ತಂದೆತಾಯಿ ಆರಂಭಿಸಿದ ಟ್ರಸ್ಟು ಒಂಟಿಯಾಗಿ ದುಡಿಯುವವರ ಸುರಕ್ಷತೆಗಾಗಿ ಕೆಲಸ ಮಾಡುತ್ತ ಬಂದಿದೆ. ಸೂಜಿ ಹೊತ್ತು, ಹೆಸರು, ಮನೆಯ ವಿಳಾಸ ಎಲ್ಲವನ್ನೂ ಆಫೀಸಿನ ಡೈರಿಯಲ್ಲಿ ಬರೆದಿಟ್ಟೇ ಹೋಗಿದ್ದರು. ಪೊಲೀಸರಿಗೆ ಹಿಡಿಯಲು ಎಳೆಯೊಂದು ಸಿಕ್ಕಿದ್ದು ಅದರಿಂದ. ಆ ಹೆಸರು ನಿಜವೇ ಎಂದು ಮೊದಲೇ ಪರೀಕ್ಷಿಸುವ ರೂಢಿ ಇರಲಿಲ್ಲವಾದ್ದರಿಂದ ಆ ಎಳೆ ಮುಂದೆ ಎಲ್ಲಿಗೂ ಒಯ್ಯಲಿಲ್ಲ. ಎರಡನೆಯ ಘಟನೆ 2014ರ ಸೆಪ್ಟೆಂಬರಿನದು. ಅಮೆರಿಕದ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಬಳಿ ಬೆವರ್ಲಿ ಕಾರ್ಟರ್ ಎಂಬ ಏಜೆಂಟರನ್ನು ಮನೆ ನೋಡುವ ನೆಪದಲ್ಲಿ ಕರೆಸಿ ಅಪಹರಿಸಿ ಕೊಂದರು. ಈಕೆಯೇ ಯಾಕೆ ಎಂದು ಪತ್ರಕರ್ತರು ಕೇಳಿದ್ದಕ್ಕೆ ಅಪರಾಧಿ ಹೇಳಿದ್ದರ ತಾತ್ಪರ್ಯ: ದುಡ್ಡಿರುವ ಬ್ರೋಕರ್, ಒಬ್ಬಳೇ ಕೆಲಸ ಮಾಡುವವಳು, ಅದಕ್ಕೆ. ಬ್ರೋಕರಣ್ಣ ಕಿವಿಗೊಟ್ಟು ಕೇಳಬೇಕಾದ ವಿವರ ಇನ್ನೊಂದಿದೆ. ಆ ಸಂಚಿನಲ್ಲಿದ್ದವರು ಗಂಡ ಹೆಂಡತಿ. ಮನೆ ಕೊಳ್ಳುವ ದಂಪತಿಯಾಗಿಯೇ ಬಲೆ ಬೀಸಿದ್ದರು. ‘ಫ್ಯಾಮಿಲಿ ಓನ್ಲಿ’ ಎಂಬ ನಮ್ಮವನ ಬ್ರಹ್ಮಾಸ್ತ್ರದ ಜರಡಿಯಲ್ಲಿ ಅವರು ಸಲೀಸಾಗಿ ಪಾಸಾಗುತ್ತಿದ್ದರು. ಬಹುಶಃ ವೆಜ್ಜೇ ಎಂದೂ ಹೇಳುತ್ತಿದ್ದರು.

ಅದೆಲ್ಲ ಫಾರಿನ್ ಕತೆ, ನಮ್ಮಲ್ಲಿ ಬೀದಿ ತುಂಬ ಕಣ್ಣು ಎಂದು ಆತ ಹೇಳಬಹುದು. ವಠಾರಗಳಿದ್ದ ಕಾಲಕ್ಕೆ ಆ ಮಾತು ಸರಿ. ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಹೊಸಬರು ಗೇಟು ಮುಟ್ಟಿದರೆ ಎದುರು ಮನೆಯ ಅಜ್ಜಿ ಕಿಟಕಿಯಿಂದಲೇ ‘ಯಾರು ಬೇಕಾಗಿತ್ತು’ ಅನ್ನುತ್ತಿದ್ದರು. ಆ ಅಜ್ಜಿಯಷ್ಟು ನಿಖರವಾದ ಸಿಸಿಟಿವಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಈಗ ಖಾಲಿ ಮನೆಗಳಿರುವುದು ಹದಿನೈದು ಅಂತಸ್ತಿನ ಟವರುಗಳಲ್ಲಿ, ಅಲ್ಲಿ ಎದುರು ಮನೆಯವರ ಮುಖ ದೀಪಾವಳಿಗೊಮ್ಮೆ ಕಂಡರೆ ಹೆಚ್ಚು. ಇಲ್ಲವೇ ಬೀದಿದೀಪ ಬರುವ ಮೊದಲೇ ಕಟ್ಟಡ ಎದ್ದುನಿಂತ ನೈಸ್ ರಸ್ತೆಯಾಚೆಯ ಬಡಾವಣೆಗಳಲ್ಲಿ. ಇಂಥದ್ದು ನಡೆಯುವುದು ಅಪರೂಪ ಎನ್ನುವುದು ಇನ್ನೊಂದು ವಾದ. ನಿಜ, ಅಪರೂಪವೇ. ಮನೆ ನೋಡಲು ಬರುವ ಬಹುಪಾಲು ಜನ ಬಾಡಿಗೆಗೆ ಹೆದರಿ ನಡುಗುತ್ತಿರುವ ಸಾಧುಗಳು. ಅವರಿಂದ ಯಾರಿಗೂ ಅಪಾಯವಿಲ್ಲ. ಆದರೆ ಕಳ್ಳ ಯಾರೆಂದು ಮುಖ ನೋಡಿ ಹೇಳುವಂತಿದ್ದರೆ ಪೊಲೀಸ್ ಇಲಾಖೆಯೇ ಬೇಕಿರಲಿಲ್ಲ. ಹತ್ತು ಸೆಕೆಂಡಿನ ಎಚ್ಚರಿಕೆಗೆ ಖರ್ಚೇ ಇಲ್ಲದಿರುವಾಗ ಅಪಾಯ ಅಪರೂಪ ಎನ್ನುವುದು ಅದನ್ನು ಬಿಡುವುದಕ್ಕೆ ಕಾರಣವಾಗದು. ‘ನಾನು ಗಂಡಸು, ನನಗೇನು’ ಎನ್ನುವ ಮೀಸೆಯ ವಾದಕ್ಕಂತೂ ಉತ್ತರ ದಂಡ. ಈಗ ಈ ಕಸುಬಿನಲ್ಲಿ ಬ್ರೋಕರಕ್ಕಂದಿರೂ ಇದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸಿ, ಕೀಲಿ ಗೊಂಚಲು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೊರಡುವವರು. ಅವರನ್ನು ಕೇಳಿದರೆ ಸಂಜೆ ಆರರ ಮೇಲೆ ಬರುವ ಫೋನಿನ ದನಿಯನ್ನು ಹೇಗೆ ಅಳೆಯಬೇಕೆಂದು ಹೇಳಿಯಾರು. ಮೀಸೆಯವರು ಅವರ ಹತ್ತಿರ ಪಾಠಕ್ಕೆ ಹೋದರೆ ನಷ್ಟವಿಲ್ಲ.

ಬ್ರೋಕರಣ್ಣನ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಐಡಿ ಕೇಳಿದರೆ ಪಾರ್ಟಿ ಮುನಿಸಿಕೊಂಡು ಪಕ್ಕದ ಬೀದಿಯ ಬ್ರೋಕರ್ ಹತ್ತಿರ ಹೋಗುತ್ತದೆ, ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಕೈತಪ್ಪುತ್ತದೆ. ಹೊಟ್ಟೆಪಾಡಿನ ಪ್ರಶ್ನೆಯಾದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ಪಾರ್ಟಿ ಅದೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಏನು ಮಾಡುತ್ತದೆ ನೋಡಿ. ಸೆಕ್ಯುರಿಟಿಯವನು ರಿಜಿಸ್ಟರ್ ಮುಂದೆ ನೂಕಿದರೆ ಹೆಸರು, ಫೋನ್ ನಂಬರ್, ಗಾಡಿ ನಂಬರ್ ಬರೆಯುತ್ತದೆ. ಕ್ಯಾಮೆರಾ ಎತ್ತಿದರೆ ನಗುಮುಖ ಮಾಡಿ ನಿಲ್ಲುತ್ತದೆ. ಓಟಿಪಿ ಕೇಳಿದರೆ ಅದನ್ನೂ ಒಪ್ಪಿಸುತ್ತದೆ. ಮುನಿಸಿಕೊಂಡು ವಾಪಸು ಹೋದವರಿಲ್ಲ. ಗೇಟಿನವನು ಕೇಳಿದರೆ ನಿಯಮ, ಬ್ರೋಕರ್ ಕೇಳಿದರೆ ಅವಮಾನ ಎನ್ನುವ ಭೇದ ಇರುವುದು ಬ್ರೋಕರನ ಸಂಕೋಚದಲ್ಲಿ. ಒಂದು ಬೀದಿಯ ನಾಲ್ಕು ಜನ ಬ್ರೋಕರುಗಳು ಕೂಡಿ ಕೇಳತೊಡಗಿದರೆ ಪಾರ್ಟಿ ಯಾವ ಪಕ್ಕದ ಬೀದಿಗೆ ಹೋದೀತು? ಅಷ್ಟಕ್ಕೂ ನಮ್ಮಲ್ಲಿ ಗುರುತಿನ ಚೀಟಿ ಕೇಳುವುದೇ ಇಲ್ಲ ಎಂದಲ್ಲ. ಅಡ್ವಾನ್ಸ್ ಕೊಟ್ಟು, ಅಗ್ರಿಮೆಂಟ್ ಬರೆಯುವ ದಿನ ಆಧಾರ್ ಕೇಳಿಯೇ ಕೇಳುತ್ತಾರೆ. ಬಾಡಿಗೆದಾರರ ವಿವರ ಕೊಡಿ ಎಂದು ಪೊಲೀಸರೂ ಮಾಲೀಕರಿಗೆ ಹೇಳುತ್ತಲೇ ಇರುತ್ತಾರೆ. ಅಷ್ಟು ಹೊತ್ತಿಗೆ ಬ್ರೋಕರಣ್ಣ ಅದೇ ವ್ಯಕ್ತಿಯ ಜೊತೆ ಆರೇಳು ಖಾಲಿ ಮನೆ ಹೊಕ್ಕು ಬಂದಿರುತ್ತಾನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ.

ಪಾರ್ಟಿಯ ಕಡೆಯಿಂದ ಬರುವ ಒಂದು ಆಕ್ಷೇಪ ಮಾತ್ರ ನನಗೆ ಸರಿಯೆನಿಸುತ್ತದೆ. ಊರಿನವರ ಆಧಾರ್ ಪ್ರತಿಗಳೆಲ್ಲ ಬ್ರೋಕರಣ್ಣನ ಫೋನಿನ ಗ್ಯಾಲರಿಯಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳ ಜೊತೆ ಬಿದ್ದಿರುವುದು ಇನ್ನೊಂದು ಅಪಾಯ. ಗುರುತು ನೋಡಲು ಪೂರ್ತಿ ಆಧಾರ್ ಬೇಕಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು, ಆಫೀಸಿನ ಐಡಿ ಕಾರ್ಡನ್ನು ಕಣ್ಣಾರೆ ನೋಡಿದರೂ ಸಾಕು. ಕೊಟ್ಟ ನಂಬರಿಗೆ ತಾನೇ ತಿರುಗಿ ಫೋನ್ ಮಾಡಿ, ಮೊದಲ ಭೇಟಿಯನ್ನು ಹಗಲಿನಲ್ಲಿ, ಟೀ ಅಂಗಡಿಯ ಮುಂದೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ವಾಟ್ಸಾಪಿನ ಲೈವ್ ಲೊಕೇಶನ್ ಒಮ್ಮೆ ಒತ್ತಿದರೆ ಎಂಟು ಗಂಟೆಯವರೆಗೂ ನಡೆಯುತ್ತದೆ. ಅದನ್ನು ಹೆಂಡತಿಗೆ ಕಳಿಸು ಎಂದರೆ ಬ್ರೋಕರಣ್ಣ ಬೆಚ್ಚುತ್ತಾನೆ. ಅಪರಿಚಿತನ ಜೊತೆ ಬೇಸ್‌ಮೆಂಟಿಗೆ ಇಳಿಯುವಾಗ ಕಾಣದ ಭಯ ಆಗ ಮುಖದಲ್ಲಿ ಕಾಣುತ್ತದೆ. ಸಂಜೆ ಕ್ಲೈಂಟ್ ಮೀಟಿಂಗ್ ಎಂದು ಹೇಳಿದ ಹೊತ್ತಿನಲ್ಲಿ ನಕ್ಷೆಯ ನೀಲಿ ಚುಕ್ಕಿ ಯಾವ ಬಾಗಿಲಲ್ಲಿ ನಿಂತಿತ್ತು ಎಂಬ ವಿಚಾರಣೆ ಆತನಿಗೆ ಬೇಡ. ಹಾಗಾದರೆ ತಮ್ಮನಿಗೆ ಕಳಿಸಲಿ, ಜೊತೆ ಬ್ರೋಕರಿಗೆ ಕಳಿಸಲಿ. ಯಾರಾದರೊಬ್ಬರಿಗೆ ಗೊತ್ತಿರಬೇಕು, ಅಷ್ಟೇ.

ಕಾನೂನಿನಿಂದ ಇದರಲ್ಲಿ ಹೆಚ್ಚು ನಿರೀಕ್ಷಿಸುವಂತಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ, ನೋಂದಾಯಿತ ಯೋಜನೆಗಳಲ್ಲಿ ಮಾರಾಟ ಮಾಡಿಸುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕು ಎನ್ನುತ್ತದೆ. ನಮ್ಮ 1999ರ ಬಾಡಿಗೆ ಕಾಯ್ದೆಯಲ್ಲೂ ಮಧ್ಯವರ್ತಿಗಳ ನೋಂದಣಿಯ ಮಾತಿದೆ. ಎರಡರ ಆಶಯವೂ ಜನರನ್ನು ಬ್ರೋಕರಿನಿಂದ ಕಾಪಾಡುವುದು; ಬ್ರೋಕರನ್ನು ಜನರಿಂದ ಕಾಪಾಡುವ ವಿಚಾರ ಶಾಸಕರ ತಲೆಗೆ ಹೊಳೆದಂತಿಲ್ಲ. ಆದರೂ ನೋಂದಣಿಯಿಂದ ಒಂದು ಉಪಕಾರವಿದೆ: ಬ್ರೋಕರ್ ಯಾರೆಂದು ಪಾರ್ಟಿಗೂ ತಿಳಿಯುತ್ತದೆ. ಮನೆ ಹುಡುಕಿಕೊಂಡು ಒಬ್ಬಂಟಿಯಾಗಿ ಈ ಊರಿಗೆ ಬಂದ ಹುಡುಗಿಯೂ ಅದೇ ನಾಲ್ಕನೇ ಮಹಡಿಯನ್ನು ಒಬ್ಬ ಅಪರಿಚಿತ ಬ್ರೋಕರಿನ ಹಿಂದೆ ಹತ್ತುತ್ತಾಳೆ. ಗುರುತಿನ ಚೀಟಿ ಎರಡೂ ಕಡೆಯಿಂದ ಹೊರಬಂದರೆ ಇಬ್ಬರ ಭಯವೂ ಇಳಿಯುತ್ತದೆ, ಮತ್ತು ಕೇಳಿದ್ದಕ್ಕೆ ಯಾರೂ ಮುಖ ಗಂಟಿಕ್ಕಬೇಕಾಗಿಲ್ಲ.

ಆದ್ದರಿಂದ ಮನೆ ಹುಡುಕುತ್ತಿರುವ ಓದುಗರಲ್ಲಿ ಒಂದು ಬಿನ್ನಹ. ಬ್ರೋಕರಣ್ಣ ಕೇಳುವವರೆಗೆ ಕಾಯಬೇಡಿ, ಆತ ಕೇಳುವುದಿಲ್ಲ. ಹೊರಡುವ ಮೊದಲೇ ನಿಮ್ಮ ಹೆಸರು, ಫೋಟೋ, ಕೆಲಸದ ವಿವರ ಕಳಿಸಿ, ಆತನದ್ದನ್ನೂ ತರಿಸಿಕೊಳ್ಳಿ. ಮನೆಯೊಳಗೆ ಹೋದಾಗ ಹೊರಬಾಗಿಲು ತೆಗೆದೇ ಇರಲಿ ಎಂದು ನೀವೇ ಹೇಳಿ. ಸೊಳ್ಳೆ ಬಂದರೆ ಬರಲಿ. ಕಮಿಷನ್ನಿನ ವಿಷಯದಲ್ಲಿ ಮಾತ್ರ ಇದ್ಯಾವುದಕ್ಕೂ ಕರಗದೆ, ಹದಿನೈದು ದಿನದ ಬಾಡಿಗೆಗೇ ಪಟ್ಟು ಹಿಡಿಯಿರಿ.