ಡಲ್ಲಾಸಿನಿಂದ ಕೊಣನೂರಿಗೆ ಒಂದು ಫೋನು

ಅಕ್ಕಾ, ಯಾವ ಸಿಮ್ ತಗೊಳ್ಳೋದು, ಯಾವ ಪ್ಯಾಕ್ ಹಾಕಿಸೋದು ಅನ್ನೋದು ಆಮೇಲಾಗಲಿ. ಮೊದಲು ಇದು ಹೇಳಿ, ಕೊಣನೂರಲ್ಲಿ ನಿಮ್ಮತ್ತೆ ಕೈಲಿರೋದು ಯಾವ ಫೋನು? ಬಟನ್ ಫೋನೇ ತಾನೆ? ಹಾಗಿದ್ರೆ ನೀವು ಮಗಳ ಬಾಣಂತನಕ್ಕೆ ಡಲ್ಲಾಸಿಗೆ ಹೋಗಿ ಆರು ತಿಂಗಳು ಕೂತ್ರೂ ವಾಟ್ಸಾಪಲ್ಲಿ ಆ ಹಿರಿಜೀವದ ದನಿ ಕೇಳಕ್ಕಾಗಲ್ಲ. ಎಲ್ಲರೂ ಹೋಗೋರ ಫೋನಿನ ವಿಚಾರಕ್ಕೇ ತಲೆ ಕೆಡಿಸ್ಕೊಳ್ತಾರೆ. ಊರಲ್ಲಿ ಉಳಿಯೋರ ಫೋನು ಯಾವ ಸ್ಥಿತಿಲಿದೆ ಅಂತ ಯಾರೂ ನೋಡಲ್ಲ. ನನಗೆ ಬೇಜಾರಾಗೋದೇ ಅಲ್ಲಿ.

ಈಗ ಒಂದು ಬೀದಿಯ ಹದಿನೈದು ಮನೆಗೆ ಮೂವತ್ತು ಫೋನಿವೆ. ನಮ್ಮ ಹೊಳೆನರಸೀಪುರದಲ್ಲಿ ಬೀದಿಗೊಂದು ಫೋನಿದ್ದ ಕಾಲ ನಿಮಗೂ ನೆನಪಿರಬೇಕು. ಲಗ್ನಪತ್ರಿಕೆಲಿ ನಂಬರಿನ ಪಕ್ಕ ಪಿ.ಪಿ. ಅಂತ ಅಚ್ಚು ಹಾಕಿಸ್ತಿದ್ರು, ಅಂದ್ರೆ ಫೋನಿರೋದು ಪಕ್ಕದ ಮನೇಲಿ. ದುಬೈಗೆ ಹೋದ ಹುಡುಗ ಫೋನ್ ಮಾಡಿದ್ರೆ ಫೋನಿದ್ದ ಮನೆಯೋರು ಬೇಲಿ ಹತ್ರ ಬಂದು ಕೂಗೋರು: ನಿಮ್ಮ ಹುಡುಗ ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತಾನಂತೆ, ಬನ್ನಿ ಅಂತ. ಒಲೆ ಮೇಲಿದ್ದಿದ್ದನ್ನ ಇಳಿಸಿ ಓಡೋದು. ಆ ಕಡೆ ದುಡ್ಡು ಓಡ್ತಾ ಇರೋದು, ಈ ಕಡೆ ತಾಯಿಗೆ ಗಂಟಲು ಕಟ್ಟಿ ಮಾತೇ ಬರ್ತಿರಲಿಲ್ಲ. ಆದ್ರೂ ಫೋನಿಟ್ಟ ಮೇಲೆ ಆ ಮನೆಯೋರು ಕಾಫಿ ಕೊಟ್ಟೇ ಕಳಿಸೋರು.

ಆ ಕಾಲದ ವಿಚಿತ್ರ ನೋಡಿ, ಹಾಸನದ ಸಾಲಗಾಮೆ ರಸ್ತೇಲಿ ಇಸ್ರೋದವರ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಶುರುವಾಗಿದ್ದು 1982ರಲ್ಲಿ. ಆಕಾಶದಲ್ಲಿರೋ ಇನ್ಸಾಟ್ ಉಪಗ್ರಹಗಳಿಗೆ ನಮ್ಮ ಜಿಲ್ಲೆಯಿಂದಲೇ ಸೂಚನೆ ಹೋಗ್ತಿತ್ತು. ಆದ್ರೆ ಅದೇ ಹೊತ್ತಲ್ಲಿ ಅರಕಲಗೂಡಿನ ಹಳ್ಳಿಯೋರು ಬೆಂಗಳೂರಿಗೆ ಮಾತಾಡಬೇಕಾದ್ರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. 1984ರಲ್ಲಿ ಸಿ-ಡಾಟ್ ಅನ್ನೋ ಸರ್ಕಾರಿ ಸಂಸ್ಥೆ ಹುಟ್ಟಿ, ಹಳ್ಳಿಗೆ ಹೊಂದೋ ಸಣ್ಣ ಎಕ್ಸ್‌ಚೇಂಜ್ ಮಾಡಿದ ಮೇಲೇ ಹಳ್ಳಿಗಳಿಗೆ ದಾರಿ ತೆರೆದಿದ್ದು. 1986ರಲ್ಲಿ ಅಂಥ ಮೊದಲನೇದನ್ನ ಕೂರಿಸಿದ್ದು ನಮ್ಮ ಕರ್ನಾಟಕದ ಕಿತ್ತೂರಲ್ಲೇ. ಆಮೇಲೆ ಹಾಸನ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಸುತ್ತ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಎದ್ದವು. ಐಎಸ್‌ಡಿ ಅಂದ್ರೆ ನಿಮಿಷಕ್ಕೆ ಹತ್ತಾರು ರೂಪಾಯಿ. ಮೀಟರಿನ ಕೆಂಪು ಅಂಕಿ ನೋಡ್ತಾ ಹೇಳಬೇಕಾದ ಮಾತೇ ಮರೆತುಹೋಗೋದು. 2002ರಲ್ಲಿ ವಿಎಸ್‌ಎನ್‌ಎಲ್ ಒಂದರ ಕೈಲಿದ್ದ ಹೊರದೇಶದ ಕರೆಯ ವ್ಯವಹಾರ ಬೇರೆಯೋರಿಗೂ ಬಿಟ್ಟ ಮೇಲೆ ದರ ಇನ್ನಷ್ಟು ಇಳೀತಾ ಬಂತು.

ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತಲ್ಲ, ಆ ಕಾಲದಲ್ಲಿ ಹೊರದೇಶಕ್ಕೆ ಹೋದೋರಿಗೆ ಊರ ಸುದ್ದಿ ತಲುಪ್ತಿದ್ದದ್ದು ನೀಲಿ ಏರೋಗ್ರಾಮಿನಲ್ಲಿ. ಅದಕ್ಕೆ ಹೋಲಿಸಿದ್ರೆ ನಾವು ಪುಣ್ಯವಂತರು ಕಣಕ್ಕ.

ಈಗ ನಿಮ್ಮ ವಿಷಯಕ್ಕೆ ಬರೋಣ. ಚನ್ನರಾಯಪಟ್ಟಣದ ನಿಮ್ಮ ನಾದಿನಿ ಹತ್ರ ಸ್ಮಾರ್ಟ್ ಫೋನಿದೆ, ಅವರ ಜೊತೆ ವಾಟ್ಸಾಪಲ್ಲಿ ಎಷ್ಟು ಬೇಕಾದ್ರೂ ಮಾತಾಡಿ. ಮಗಳ ಮನೇಲಿ ವೈಫೈ ಇರುತ್ತೆ, ಪ್ರತ್ಯೇಕ ಖರ್ಚಿಲ್ಲ. ಅಲ್ಲಿನ ಸಿಮ್ ಹಾಕಿದಾಗ ವಾಟ್ಸಾಪು ‘ನಂಬರ್ ಬದಲಾಯಿಸ್ತೀರಾ’ ಅಂತ ಕೇಳಬಹುದು, ಬೇಡ ಅನ್ನಿ. ಇಲ್ಲಿನ ಸಿಮ್ಮೂ ಫೋನಲ್ಲೇ ಇರಲಿ, ಹಳೇ ನಂಬರಲ್ಲೇ ನಡೆಯುತ್ತೆ. ಇಲ್ಲಿನ ಸಿಮ್ಮಿಗೆ ಹೋಗೋ ಮುಂಚೆ ದೀರ್ಘಾವಧಿ ರೀಚಾರ್ಜ್ ಮಾಡಿಸಿ, ಬ್ಯಾಂಕಿನ ಓಟಿಪಿ ಅದಕ್ಕೇ ಬರೋದು. ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಪ್ಯಾಕ್ ಇಲ್ಲದೆ ರೋಮಿಂಗಲ್ಲಿ ಬಂದ ಕರೆ ಎತ್ತಿದ್ರೂ ದುಡ್ಡು ಹೋಗುತ್ತೆ.

ಆದ್ರೆ ಅತ್ತೆಯ ಬಟನ್ ಫೋನಿಗೆ ನಂಬರ್ ಒತ್ತಿಯೇ ಮಾಡಬೇಕು. ಅದು ದುಬಾರಿ ಅಂತ ಹೆದರಬೇಡಿ. ಹೊರದೇಶದಿಂದ ಬಂದ ಕರೆಯನ್ನ ಇಲ್ಲಿ ಮುಟ್ಟಿಸೋಕೆ ನಮ್ಮ ಕಂಪನಿಗಳು ನಿಮಿಷಕ್ಕೆ 35ರಿಂದ 65 ಪೈಸೆಯೊಳಗೆ ತಗೋಬಹುದು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರಲ್ಲಿ ಗೊತ್ತುಮಾಡಿತು. ಅದಕ್ಕೇ ಗೂಗಲ್ ವಾಯ್ಸ್, ರೆಬ್‌ಟೆಲ್ ಥರದವು ಇಷ್ಟು ಕಡಿಮೆಗೆ ಮಾತಾಡಿಸೋದು. ಈ ಸೇವೆಗಳು ಲ್ಯಾಂಡ್‌ಲೈನಿಗೂ ಹೋಗ್ತವೆ. ಇಂಥ ಕರೆಗೆ ಮೊದಲೆಲ್ಲ ಸ್ಕೈಪಲ್ಲಿ ದುಡ್ಡು ತುಂಬಿಸಿಡ್ತಿದ್ರು, ಅದನ್ನ 2025ರ ಮೇ 5ಕ್ಕೆ ಮುಚ್ಚಿಬಿಟ್ರು. ಮಗಳ ಅಮೆರಿಕದ ಸಿಮ್ ಪ್ಲಾನಲ್ಲೇ ಭಾರತದ ಕರೆ ಸೇರಿದೆಯಾ ಅಂತನೂ ಮೊದಲೇ ಕೇಳಿಬಿಡಿ.

ಊರಲ್ಲಿ ಯಾರದಾದ್ರೂ ಲ್ಯಾಂಡ್‌ಲೈನಿಗೆ ಒತ್ತುವಾಗ ಜನ ಎಡವೋದು ಒಂದೇ ಕಡೆ. ಅರಕಲಗೂಡು, ಹೊಳೆನರಸೀಪುರದ ಕೋಡು 08175, ಹಾಸನದ್ದು 08172, ಚನ್ನರಾಯಪಟ್ಟಣದ್ದು 08176. ಹೊರದೇಶದಿಂದ ಮಾಡುವಾಗ ಆ ಮೊದಲ ಸೊನ್ನೆ ಬಿಡಬೇಕು. ಪ್ಲಸ್ 91 ಒತ್ತಿ, ಆಮೇಲೆ 8175, ಆಮೇಲೆ ಮನೆ ನಂಬರು. ಪ್ಲಸ್ ಇಲ್ಲದ ಮನೆ ಫೋನಾದ್ರೆ ಅಮೆರಿಕದಲ್ಲಿ ಅದರ ಬದಲು 011. ಇದನ್ನೊಂದು ಚೀಟೀಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಕೊಳ್ಳಿ.

ಹೋಗ್ತಾ ದುಬೈಲಿ ವಿಮಾನ ಬದಲಾಯಿಸೋದಲ್ವಾ? ಅಲ್ಲಿ ವಾಟ್ಸಾಪಲ್ಲಿ ಮೆಸೇಜು ಹೋಗುತ್ತೆ, ಕರೆ ಹೋಗಲ್ಲ, ಆ ದೇಶದವರೇ ತಡೆದಿದಾರೆ. ಸೌದಿಯಲ್ಲೂ ಇಂಟರ್ನೆಟ್ ಕರೆಗೆ ಹೀಗೇ ತಡೆ ಇತ್ತು, ಅದನ್ನ 2017ರಲ್ಲಿ ಸಡಿಲಿಸಿದ್ರು. ದುಬೈಯಿಂದ ಫೋನ್ ಬರಲಿಲ್ಲ ಅಂತ ಅತ್ತೆ ರಾತ್ರಿಯೆಲ್ಲ ನಿದ್ದೆಗೆಡೋದು ಬೇಡ, ಮೊದಲೇ ಹೇಳಿಡಿ. ಕರೆಗಾಗಿ ಕಾಯೋದು ಅಂದಾಗ ನೆನಪಾಯ್ತು, ನಮ್ಮ ಜಿಲ್ಲೆಯ ಅಂಗಡಿಹಳ್ಳಿಯಂಥ ಕಡೆ ಇರೋ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಮಾರೋಕೆ ಆಫ್ರಿಕಾವರೆಗೂ ಹೋಗ್ತಾರಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಲ್ಲಿ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕ್ಕೊಂಡಿದ್ರು, ‘ಆಪರೇಷನ್ ಕಾವೇರಿ’ ಅಂತ ಮಾಡಿ ಕರ್ಕೊಂಡು ಬಂದ್ರು. ಮನೆಯವರಿಗೆ ಒಂದು ಕರೆ ಬರೋದು ಅಂದ್ರೆ ಏನು ಅಂತ ಅವರನ್ನ ಕೇಳಬೇಕು.

ಹೊತ್ತಿನ ಲೆಕ್ಕನೂ ಇದೆ. ಬೇಸಿಗೇಲಿ ಡಲ್ಲಾಸು ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ಕರೆ ಮಾಡಿದ್ರೆ ಇಲ್ಲಿ ಬೆಳಿಗ್ಗೆ ಆರೂವರೆ, ಅತ್ತೆ ಡೈರಿಗೆ ಹಾಲು ಹಾಕೋ ಸಮಯ. ಅರ್ಧ ಗಂಟೆ ತಡೆದು ಮಾಡಿ, ಅವರು ಜಗಲಿ ಮೇಲೆ ಕೂತು ನೆಮ್ಮದಿಯಾಗಿ ಮಾತಾಡ್ತಾರೆ. ನವೆಂಬರಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತಾರೆ, ಆಗ ಅಂತರ ಹನ್ನೊಂದೂವರೆ ಆಗುತ್ತೆ. ದಿನಾ ಗಡಿಬಿಡೀಲಿ ಎರಡು ಮಾತಾಡೋದಕ್ಕಿಂತ ವಾರಕ್ಕೆ ಎರಡು ದಿನ, ಹೇಳಿದ ಹೊತ್ತಿಗೆ ಸರಿಯಾಗಿ ಮಾಡಿ. ವಯಸ್ಸಾದೋರು ಆ ಹೊತ್ತಿಗಾಗಿ ಕಾಯ್ತಾರೆ ಅಕ್ಕ, ಕಾಯೋದರಲ್ಲೂ ಅವರಿಗೊಂದು ಸುಖ ಇದೆ. ಕರೆ ಎರಡು ರಿಂಗಿಗೇ ಕಟ್ ಮಾಡಬೇಡಿ, ಮಂಡಿನೋವಿನವರು ಎದ್ದು ಬರಬೇಕಲ್ಲ.

ಇನ್ನೊಂದು ಮುಖ್ಯ ವಿಷಯ. ಆ ಅಗ್ಗದ ಸೇವೆಗಳಿಂದ ಕರೆ ಬಂದಾಗ ಅತ್ತೆ ಫೋನಲ್ಲಿ ನಿಮ್ಮ ನಂಬರೇ ಕಾಣುತ್ತೆ ಅಂತಿಲ್ಲ, ಯಾವುದೋ ಗುರುತಿಲ್ಲದ ನಂಬರ್ ಬರಬಹುದು. ಅವರು ಹೆದರಿ ಎತ್ತದೇ ಇದ್ರೆ? ಅದಕ್ಕೇ ಹೊತ್ತು ಗೊತ್ತುಮಾಡೋದು. ಬೇರೆ ಹೊತ್ತಲ್ಲಿ ಹೊರದೇಶದ ನಂಬರಿನಿಂದ ಮಿಸ್ಡ್ ಕಾಲ್ ಬಂದ್ರೆ ವಾಪಸ್ ಮಾಡಲೇಬೇಡಿ ಅಂತ ಖಡಾಖಂಡಿತ ಹೇಳಿ, ಹಾಗೆ ದುಡ್ಡು ಕೀಳೋರಿದಾರೆ. ಅವರಿಗೆ ನಿಮ್ಮ ಹತ್ರ ಮಾತಾಡಬೇಕು ಅನ್ಸಿದ್ರೆ ನಿಮ್ಮ ನಾದಿನಿಗೆ ಒಂದು ಮಿಸ್ಡ್ ಕಾಲ್ ಕೊಡಲಿ. ಆಕೆ ನಿಮಗೆ ವಾಟ್ಸಾಪ್ ಹಾಕ್ತಾರೆ, ನೀವು ಅತ್ತೆಗೆ ಕರೆ ಮಾಡ್ತೀರಿ. ಮಗು ಮುಖ ತೋರಿಸೋಕೆ ಹಬ್ಬದ ದಿನ ನಾದಿನಿ ಕೊಣನೂರಿಗೆ ಹೋದಾಗ ವಿಡಿಯೋ ಮಾಡಿದ್ರಾಯ್ತು.

ಈ ಭಾನುವಾರ ಅತ್ತೆ ನೋಡೋಕೆ ಹೋಗ್ತಿದೀರಲ್ಲ, ನಮ್ಮ ಹುಡುಗನ್ನೂ ಕರ್ಕೊಂಡು ಹೋಗಿ. ಅತ್ತೆ ಫೋನಲ್ಲಿ ಎರಡರ ಬಟನ್ ಒತ್ತಿ ಹಿಡಿದ್ರೆ ಚನ್ನರಾಯಪಟ್ಟಣದ ನಾದಿನಿಗೆ ಕರೆ ಹೋಗೋ ಹಾಗೆ ಮಾಡಿಕೊಡ್ತಾನೆ, ರಿಂಗಿನ ಸದ್ದನ್ನೂ ಜೋರು ಮಾಡ್ತಾನೆ. ಬ್ಯಾಟರಿ ಊದಿಕೊಂಡಿದೆಯಾ ನೋಡೋಕೂ ಹೇಳ್ತೀನಿ. ಬೆಳಿಗ್ಗೆ ಎಷ್ಟು ಗಂಟೆ ಬಸ್ಸಿಗೆ ಹೊರಡ್ತೀರಿ?