ಎನ್ವಿಡಿಯಾ ಒಡೆಯರಿಗೆ ಕಲ್ಯಾಣದುರ್ಗದಿಂದ ಒಂದು ಕಾಗದ

ಮಹಾರಾಜರಾಜಶ್ರೀ ಜೆನ್ಸನ್ ಹುವಾಂಗ್ ಅವರ ಸನ್ನಿಧಾನಕ್ಕೆ, ಅನಂತಪುರ ಜಿಲ್ಲೆ ಕಲ್ಯಾಣದುರ್ಗದಿಂದ ಕನ್ನಡ ಮಾತಾಡುವ ಒಬ್ಬ ಸೋದರಮಾವ ಮಾಡುವ ನಮಸ್ಕಾರಗಳು. ಇಲ್ಲಿನ ಮಳೆ ಬೆಳೆ ವಿಚಾರಿಸಬೇಡಿ. ವೋಲ್ಟೇಜ್ ವಿಚಾರಿಸಿ, ಬರೆಯಲು ಕೂತಿರುವುದೇ ಅದಕ್ಕೆ.

ನಮ್ಮ ಅಕ್ಕನ ಮಗನಿಗೆ ತಮ್ಮ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡು ಬೇಕಂತೆ, ಆಟಕ್ಕೆ. "ಓದೋದಕ್ಕೂ ಬರುತ್ತೆ ಮಾಮ" ಅಂತಾನೆ. 2025ರ ಜನವರಿಯಲ್ಲಿ ತಾವು ಅದನ್ನು ಅಂಗಡಿಗೆ ಬಿಟ್ಟಾಗ ಇಂಡಿಯಾದಲ್ಲಿ ಬೆಲೆ ಶುರುವಾಗಿದ್ದೇ 2,14,000 ರೂಪಾಯಿಗೆ. ಗಡಿ ದಾಟಿದರೆ ನಮಗೆ ಪಾವಗಡ. ಅಲ್ಲಿ ಸೋಲಾರ್ ಪಾರ್ಕಿಗೆ ರೈತರು ಸುಮಾರು 13,000 ಎಕರೆ ಬಿಟ್ಟುಕೊಟ್ಟಿದ್ದಾರೆ. ಬಾಡಿಗೆ ಶುರುವಾಗಿದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ. ಆ ದರದಲ್ಲಿ ಒಂದು ಎಕರೆ ಭೂಮಿ ಹತ್ತು ವರ್ಷಕ್ಕೂ ಚೂರು ಹೆಚ್ಚು ಬಿಸಿಲಿಗೆ ಬಿದ್ದಿದ್ದರೆ ತಮ್ಮ ಕಾರ್ಡು ಒಂದು ಬರುತ್ತದೆ. ಡಬ್ಬ, ಮದರ್‌ಬೋರ್ಡು, ಪ್ರೊಸೆಸರ್‌ಗೆ ಇನ್ನೊಂದು ಎಕರೆ ನೋಡಿಕೊಳ್ಳಬೇಕು.

ದುಡ್ಡಿನ ಮಾತು ಹಾಗಿರಲಿ. ತಮ್ಮ ಕಾರ್ಡಿಗೆ 575 ವ್ಯಾಟ್. ಪಕ್ಕದಲ್ಲಿ ಕೂರುವ ಇಂಟೆಲ್ ಐ9 ಪ್ರೊಸೆಸರಿಗೆ ಜೋರು ಬಂದಾಗ 253. ಕೂಡಿಸಿದರೆ 828. ಒಂದು ಎಚ್‌ಪಿ ಅಂದರೆ 746 ವ್ಯಾಟ್ ಅಂತ ನಮ್ಮೂರಲ್ಲಿ ಶಾಲೆಗೆ ಹೋಗದವರಿಗೂ ಗೊತ್ತು, ಬೋರ್‌ವೆಲ್ಲು ಕಲಿಸಿದೆ. ಅಂದರೆ ಹುಡುಗನ ಕೋಣೆಯಲ್ಲಿ ಒಂದು ಎಚ್‌ಪಿಗೂ ಮೀರಿದ ಮೋಟರು. ನಮ್ಮ ಮೋಟರು ಓಡಿದರೆ ಒಂದಿಷ್ಟು ನೀರಾದರೂ ಬರುತ್ತದೆ. ತಮ್ಮದರಿಂದ ಬರುವುದು ಬಿಸಿಗಾಳಿ, ಅದೂ ಏಪ್ರಿಲ್ ತಿಂಗಳ ಕಲ್ಯಾಣದುರ್ಗದಲ್ಲಿ, ಇಲ್ಲಿ ಆ ಒಂದು ಸರಕಿಗೆ ಯಾವತ್ತೂ ಬರ ಬಂದಿಲ್ಲ. ತಾವು ವೇದಿಕೆಯ ಮೇಲೆ ತೊಡುವ ಚರ್ಮದ ಜಾಕೆಟ್ಟು ಹಾಕಿಕೊಂಡೇ ಒಮ್ಮೆ ಬಂದು ಆ ಕೋಣೆಯಲ್ಲಿ ಕೂರಬೇಕು ಎಂದು ಪ್ರಾರ್ಥನೆ.

ಬಿಲ್ಲಿನ ಲೆಕ್ಕವನ್ನೂ ಕೇಳಿ. ದಿನಕ್ಕೆ ಐದು ಗಂಟೆ ಪೂರ್ತಿ ದುಡಿಸಿದರೆ ತಿಂಗಳಿಗೆ ಸುಮಾರು 124 ಯೂನಿಟ್. ಮೊದಲೇ 120 ಯೂನಿಟ್ ಉರಿಸುವ ಮನೆ 244ಕ್ಕೆ ಏರಿ, 8 ರೂಪಾಯಿ 75 ಪೈಸೆಯ ಸ್ಲ್ಯಾಬಿಗೆ ಕಾಲಿಡುತ್ತದೆ. ನಾನೂರರ ಒಳಗಿದ್ದ ಕರೆಂಟು ಬಾಬ್ತು 1,180ರ ಹತ್ತಿರ. ಮೇಲೆ ಟ್ರೂ ಅಪ್ ಅಂತ ಒಂದು ಬಾಲ ಬರುತ್ತದೆ. ಅದನ್ನು ವಿವರಿಸುವ ಶಕ್ತಿ ನನಗಿಲ್ಲ, ಆಂಧ್ರದಲ್ಲಿ ಯಾರಿಗೂ ಇದ್ದಂತಿಲ್ಲ. ಕರೆಂಟು ಹೋದರೆ? ಮನೆಯ 900 ವಿಎ ಇನ್ವರ್ಟರು ಈ ಭಾರ ಎತ್ತುವುದೇ ಇಲ್ಲ, ಕೀ ಅಂತ ಕೂಗಿ ಮಲಗುತ್ತದೆ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ರಾತ್ರಿಯೆಲ್ಲ ತಿರುಗುತ್ತವೆ. ಅದು ಯಾರಿಗೆ ಅಂತ ಹುಡುಗ ಕೇಳಿದ. ತಮ್ಮಂಥವರಿಗೆ ಅಂತ ಹೇಳಿದ್ದೇನೆ.

ಈಗ ತಮ್ಮ ಕಾರ್ಡಿಗೆ ಕರೆಂಟು ಕೊಡುವ ಪ್ಲಗ್ಗಿನ ವಿಷಯ. ಹಳೆಯ ಎಂಟು ಪಿನ್ನಿನ ಪ್ಲಗ್ಗು 150 ವ್ಯಾಟ್ ಕೊಡುತ್ತಿತ್ತು. ಮೂರು ಪಿನ್ನಿನಲ್ಲಿ ತಲಾ ನಾಲ್ಕು ಆಂಪ್ಸ್ ಚಿಲ್ಲರೆ, ಆರಾಮಾಗಿ. 2022ರಲ್ಲಿ ತಂದು 4090 ಕಾರ್ಡಿಗೆ ಹಾಕಿದ ಹೊಸ ಪ್ಲಗ್ಗಿನ ಪಿನ್ನುಗಳು ಅದಕ್ಕಿಂತ ಸಣ್ಣವು, ಆದರೆ 600 ವ್ಯಾಟ್ ಹೊರಬೇಕು. ಹನ್ನೆರಡು ವೋಲ್ಟಿನಲ್ಲಿ ಅದು 50 ಆಂಪ್ಸ್. ಆರು ಪಿನ್ನಿಗೆ ಹಂಚಿದರೆ ತಲಾ ಎಂಟೂ ಕಾಲು ದಾಟುತ್ತದೆ, ತಾಳುವ ಶಕ್ತಿ ಒಂಬತ್ತು ಚಿಲ್ಲರೆ. ನಮ್ಮ ಐದು ಎಚ್‌ಪಿ ಮೋಟರು ಒಂದು ಫೇಸಿನಲ್ಲಿ ಎಳೆಯುವುದೇ ಏಳೆಂಟು ಆಂಪ್ಸ್. ಅದಕ್ಕೆ ನಾವು ಹಾಕುವ ಕೇಬಲ್ಲಿನ ದಪ್ಪ ತಾವು ನೋಡಬೇಕು. ಒಂದು ಪಿನ್ನು ಸಡಿಲವಾದರೆ ಅದರ ಪಾಲನ್ನು ಉಳಿದವು ಹೊರಬೇಕು, ಆಮೇಲೆ ಪ್ಲಾಸ್ಟಿಕ್ಕು ಕರಗದೆ ಇನ್ನೇನಾಗುತ್ತದೆ? ಲೂಸ್ ಜಾಯಿಂಟು, ಹೆಚ್ಚು ಲೋಡು: ಇದನ್ನು ಮೋಟರ್ ವೈಂಡಿಂಗ್ ಅಂಗಡಿಯ ಹುಡುಗ ಮೊದಲ ವಾರದಲ್ಲೇ ಕಲಿಯುತ್ತಾನೆ. ಆ ವರ್ಷ ಪ್ಲಗ್ಗುಗಳು ಕರಗಿದಾಗ ತಮ್ಮ ಕಂಪನಿ ಕೊಟ್ಟ ಕಾರಣ, ಜನ ಪೂರ್ತಿ ಒತ್ತಿ ಸಿಕ್ಕಿಸಲಿಲ್ಲ ಅಂತ. ಇದೇ ಮಾತನ್ನು ಸ್ಟಾರ್ಟರ್ ಮಾರುವವನು ನಮ್ಮ ಸಂತೆಯಲ್ಲಿ ಆಡಿದ್ದರೆ ಊರು ಮುಟ್ಟುತ್ತಿರಲಿಲ್ಲ.

ತಮ್ಮ ನೆರೆಯವರಾದ ಇಂಟೆಲ್ಲಿನವರನ್ನೂ ಮರೆಯಲಾರೆ. ಅವರ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ತಾವೇ ಕೇಳಿ ಕುಡಿದು ಒಳಗೊಳಗೇ ಸವೆದವು. 2024ರಲ್ಲಿ ಮೈಕ್ರೋಕೋಡ್ ಔಷಧಿ ಬಂತು, ವಾರಂಟಿ ಎರಡು ವರ್ಷ ಬೆಳೆಯಿತು, ಸವೆದದ್ದು ಮಾತ್ರ ವಾಪಸು ಬರಲಿಲ್ಲ. ನಮ್ಮಲ್ಲಿ ಸಾಮಾನು ಸಾಯುವುದು ವೋಲ್ಟೇಜ್ ಸಾಲದೆ. ಅಜೀರ್ಣದಿಂದಲೂ ಸಾಯಬಹುದು ಅಂತ ಆಗ ತಿಳಿಯಿತು. ಆದರೂ ಕಂಪ್ಯೂಟರು ಆಟದ ಮಧ್ಯೆ ನೀಲಿಗಟ್ಟಿದರೆ ಅಂಗಡಿಯವರ ಉತ್ತರ ಬದಲಾಗಿಲ್ಲ: "ಮೀ ಊರಿ ಕರೆಂಟು ಸರಿಗಾ ಲೇದು ಸಾರ್," ನಿಮ್ಮೂರ ಕರೆಂಟೇ ಸರಿ ಇಲ್ಲ ಅಂತ.

ತಮ್ಮ ಕಾರ್ಡುಗಳು ಇಷ್ಟೆಲ್ಲ ಕರೆಂಟು ಕುಡಿದು ಕೊಡುವುದೇನು? 5070 ಎಂಬ ಸಣ್ಣ ಕಾರ್ಡು 4090ರಷ್ಟೇ ಓಡುತ್ತದೆ ಅಂತ ವೇದಿಕೆಯಲ್ಲಿ ಹೇಳಿದಿರಿ. ಹುಡುಗ ಬಿಡಿಸಿ ಹೇಳಿದ: ನಾಲ್ಕು ಚಿತ್ರದಲ್ಲಿ ಒಂದನ್ನು ಬಿಡಿಸಿ, ಮೂರನ್ನು ಕಾರ್ಡು ಊಹಿಸಿ ತುಂಬುತ್ತದಂತೆ. ಒಂದು ಮೂಟೆ ಕಡಲೆಕಾಯಿ ತೂಗಿ ನಾಲ್ಕು ಮೂಟೆಯ ಚೀಟಿ ಬರೆದುಕೊಡುವ ಈ ವಿದ್ಯೆ ನಮ್ಮ ಮಂಡಿಯವರಿಗೆ ಇನ್ನೂ ಕೈಹತ್ತಿಲ್ಲ.

ತಮಗೆ ನಮ್ಮ ಗೊಡವೆ ಯಾಕಿರಬೇಕು ಹೇಳಿ. 2025ರ ಲೆಕ್ಕದ ವರ್ಷದಲ್ಲಿ ತಮಗೆ ಬಂದ 130 ಬಿಲಿಯನ್ ಡಾಲರಿನಲ್ಲಿ ಆಟದವರ ಪಾಲು 11 ಚಿಲ್ಲರೆ. ಉಳಿದದ್ದರಲ್ಲಿ ಬಹುಪಾಲು ಎಐ ಡೇಟಾ ಸೆಂಟರಿನದು. ಅದೇ ಡೇಟಾ ಸೆಂಟರುಗಳ ಹಸಿವಿಗೆ 2025 ಇಸವಿಯ ಕೊನೆಯಲ್ಲಿ ರ್‍ಯಾಮ್ ಬೆಲೆ ಗಗನಕ್ಕೇರಿತು, ಅದನ್ನು ತಯಾರಿಸುವ ಮೈಕ್ರಾನ್‌ನವರು ಜನರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ಅಂಗಡಿಯನ್ನೇ ಮುಚ್ಚುತ್ತೇವೆ ಅಂದರು.

ನಮ್ಮ ಹುಡುಗನ ಹತ್ತಿರ ಈಗ ಇರುವುದು ಬೆಂಗಳೂರು ಎಸ್.ಪಿ. ರೋಡಿನಲ್ಲಿ ತಂದ ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1060. ತಾವೇ 2016ರಲ್ಲಿ ಮಾಡಿದ್ದು. 120 ವ್ಯಾಟ್, ಆರು ಪಿನ್ನಿನ ಒಂದೇ ಪ್ಲಗ್ಗು, ಕರಗಿಲ್ಲ, ಕೊರಗಿಲ್ಲ, ನಮ್ಮ ಕರೆಂಟಿನಲ್ಲೇ ಬದುಕಿದೆ. ಅದಕ್ಕೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ತಾವು 2025ರ ಅಕ್ಟೋಬರಿಗೆ ನಿಲ್ಲಿಸಿದ್ದೀರಿ. ದಯಮಾಡಿ ಮತ್ತೆ ಶುರು ಮಾಡಿ. ಅಥವಾ 120 ವ್ಯಾಟಿನಲ್ಲಿ, ಒಬ್ಬ ಮಾವ ಕೊಡಿಸಬಲ್ಲ ಬೆಲೆಗೆ, ಇನ್ನೊಂದು ಅಂಥದ್ದೇ ಮಾಡಿ ಕಳಿಸಿ.