ಎಲ್ಲ ದೀಪವೂ ಹಸಿರು, ಕೆಲಸ ಮಾತ್ರ ಆಗಿಲ್ಲ

ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರಿಗೆ ಮನೆಯ ರೂಟರ್ ಅರ್ಥವಾಗುವುದು ಕಷ್ಟವೇನಲ್ಲ. ಇಲ್ಲೂ ಐದಾರು ಮಂದಿ ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರನ್ನೇ ವಿಚಾರಿಸಿದರೆ ‘ನನ್ನ ಟೇಬಲ್ಲಿನಲ್ಲಿ ಏನೂ ಪೆಂಡಿಂಗ್ ಇಲ್ಲ’ ಎನ್ನುತ್ತಾರೆ. ಹೇಳುವುದು ಸುಳ್ಳೂ ಅಲ್ಲ. ನಿಮ್ಮ ಕಡತ ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲ ದೀಪ ಪವರ್. ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಷ್ಟೇ ಇವರ ಕೆಲಸ. ಕರೆಂಟು ಇದೆ, ನಾನೂ ಇದ್ದೇನೆ, ಮಿಕ್ಕಿದ್ದು ಕೇಳಬೇಡಿ. ಎರಡನೆಯವರು ಪಿಒಎನ್. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಮೇಲಿನ ಕಚೇರಿಯ ಜೊತೆ ವ್ಯವಹಾರವೆಲ್ಲ ಇವರದು. ಹಸಿರು ಕದಲದೆ ನಿಂತಿದ್ದರೆ ಕಂಪನಿಯ ಕಡೆಯ ಯಂತ್ರ ನಮ್ಮ ಗುರುತು ಹಿಡಿದಿದೆ ಎಂದರ್ಥ. ಮಿಣುಕುತ್ತಿದ್ದರೆ ಅರ್ಜಿ ಪರಿಶೀಲನೆಯಲ್ಲಿದೆ. ಲ್ಯಾನ್ ದೀಪ ಪೆಟ್ಟಿಗೆಯ ಬೆನ್ನಿಗೆ ವಯರು ಸಿಕ್ಕಿಸಿದ್ದನ್ನು ಹೇಳುತ್ತದೆ. ವೈಫೈ ದೀಪ ಒಳಗಿನ ರೇಡಿಯೊ ಚಾಲೂ ಇದೆ ಎಂದಷ್ಟೇ ಹೇಳುತ್ತದೆ. ಫೋನಿನಲ್ಲಿ ವೈಫೈ ಗುರುತು ತುಂಬಿ ತುಳುಕುತ್ತಿದ್ದರೂ ವಿಡಿಯೊ ಸುತ್ತುತ್ತಲೇ ಇರುವುದು ಇದರಿಂದಲೇ. ಆ ಗೆರೆಗಳು ಹಾಲಿಗೂ ಬೆಡ್‌ರೂಮಿಗೂ ಸಂಬಂಧ ಚೆನ್ನಾಗಿದೆ ಎನ್ನುತ್ತವೆ, ಮನೆಗೂ ಹೊರಜಗತ್ತಿಗೂ ಹೇಗಿದೆ ಎಂಬುದು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಇನ್ನು ಇಂಟರ್ನೆಟ್ ಎಂದೇ ಹೆಸರಿಟ್ಟುಕೊಂಡ ದೀಪ. ಪೆಟ್ಟಿಗೆಗೆ ಹೊರಗಿನಿಂದ ಒಂದು ವಿಳಾಸ ಸಿಕ್ಕರೆ ಸಾಕು, ಇವರು ಹಸಿರು. ಆಮೇಲೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟು ಒಂದು ಪುಟವೂ ತೆರೆಯದಿದ್ದರೆ ಅದು ಬೇರೆ ಸೆಕ್ಷನ್.

ಇಡೀ ಕಚೇರಿಯಲ್ಲಿ ಪ್ರಾಮಾಣಿಕರು ಒಬ್ಬರೇ, ಎಲ್‌ಒಎಸ್. ಎಲ್ಲ ಸರಿಯಿದ್ದಾಗ ಉರಿಯುವುದೇ ಇಲ್ಲ. ಫೈಬರಿನಲ್ಲಿ ಬೆಳಕು ಬರುವುದು ನಿಂತ ಕ್ಷಣ ಕೆಂಪಾಗುತ್ತಾರೆ. ಇವರು ಕೆಂಪಾದರೆ ಬೀದಿಯಲ್ಲಿ ಜೆಸಿಬಿ ಬಂದಿದೆ, ಇಲ್ಲವೇ ಮರದಿಂದ ಮರಕ್ಕೆ ನೇತುಬಿದ್ದಿದ್ದ ಫೈಬರನ್ನು ಕೊಂಬೆಯ ಜೊತೆಯಲ್ಲೇ ಕಡಿದಿದ್ದಾರೆ, ಅದೂ ಇಲ್ಲವೆಂದರೆ ತಪ್ಪು ಮನೆಯೊಳಗಿದೆ. ಟಿವಿ ಸ್ಟ್ಯಾಂಡಿನ ಹಿಂದೆ ಬಗ್ಗಿ ನೋಡಿ. ಒಳಗೆ ಕೂದಲೆಳೆಯಷ್ಟು ಗಾಜು ಇರುವ ಆ ಹಳದಿ ವಯರನ್ನು ಯಾರೋ ಮೊಳೆಗೆ ಬಿಗಿಯಾಗಿ ಸುತ್ತಿ, ಮೇಲೊಂದು ಗಂಟನ್ನೂ ಹಾಕಿರುತ್ತಾರೆ. ಗಾಜು ತೀರಾ ಬಾಗಿದಲ್ಲಿ ಬೆಳಕು ಸೋರುತ್ತದೆ. ಲೈನ್‌ಮನ್ ಬಂದು ಪವರ್ ಮೀಟರ್ ಹಿಡಿದು ‘ಮೈನಸ್ ಇಪ್ಪತ್ತೆಂಟು ಬರ್ತಿದೆ ಸಾರ್’ ಎಂದಾಗ ನಾವು ಗಂಭೀರವಾಗಿ ತಲೆಯಾಡಿಸುತ್ತೇವೆ. ಆತ ಗಂಟು ಬಿಚ್ಚಿ ಹೋಗುತ್ತಾನೆ.

ದೀಪ ಯಾವುದೇ ಇರಲಿ, ಬಣ್ಣ ಯಾವುದೇ ಇರಲಿ, ಕಸ್ಟಮರ್ ಕೇರಿನ ಪರಿಹಾರ ಒಂದೇ. ‘ಸರ್, ಒಮ್ಮೆ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ.’ ಜೆಸಿಬಿ ಕತ್ತರಿಸಿದ ಫೈಬರು ಮೂವತ್ತು ಸೆಕೆಂಡಿನಲ್ಲಿ ಬೆಸೆದುಕೊಳ್ಳುತ್ತದೆ ಎಂದು ಅವರೂ ನಂಬಿಲ್ಲ, ನಾವೂ ನಂಬಿಲ್ಲ. ಆದರೂ ಹೇಳುತ್ತಾರೆ, ಮಾಡುತ್ತೇವೆ.

ನಗುವ ಮುನ್ನ ಒಂದು ಸಂಗತಿ ತಿಳಿದಿರಲಿ. 2018ರ ಮೇ ತಿಂಗಳಲ್ಲಿ ಇದೇ ಸಲಹೆಯನ್ನು ಅಮೆರಿಕದ ಎಫ್‌ಬಿಐ ಕೊಟ್ಟಿತು. ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರು ಮತ್ತಿತರ ಉಪಕರಣಗಳಿಗೆ ಹೊಕ್ಕಿತ್ತು. ಎಲ್ಲರೂ ರೂಟರ್ ರೀಸ್ಟಾರ್ಟ್ ಮಾಡಿ ಎಂದು ಎಫ್‌ಬಿಐ ಮನವಿ ಮಾಡಿಕೊಂಡಿತು. ಹಾಗೆ ಮಾಡಿದರೆ ಮಾಲ್‌ವೇರಿನ ಮೇಲ್ಭಾಗವಷ್ಟೇ ಮೆಮೊರಿಯಿಂದ ಅಳಿಯುತ್ತಿತ್ತು, ಬುಡ ಉಳಿಯುತ್ತಿತ್ತು. ಅದಕ್ಕೆ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಎಂದೂ ಸೇರಿಸಿದ್ದರು. ಜನ ಕೇಳಿಸಿಕೊಂಡಿದ್ದು ಮೊದಲರ್ಧ. ಸ್ವಿಚ್ಚಿಗೆ ಕೈ ಎಟುಕುತ್ತದೆ, ಉಳಿದದ್ದಕ್ಕೆ ಲಾಗಿನ್ ಬೇಕು.

ಫರ್ಮ್‌ವೇರ್ ಎಂದರೆ ಈ ಕಚೇರಿಯನ್ನು ನಡೆಸುವ ಸುತ್ತೋಲೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು, ಯಾವ ದೀಪ ಯಾವಾಗ ಉರಿಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದರಲ್ಲಿ ತೂತುಗಳಿರುತ್ತವೆ, ತೂತು ಪತ್ತೆಯಾದಾಗ ತಯಾರಕರು ತಿದ್ದುಪಡಿ ಹೊರಡಿಸುತ್ತಾರೆ. ತಿದ್ದುಪಡಿ ಬಂದಿದೆ, ನಾನಿನ್ನೂ ಹಳೆಯದರಲ್ಲೇ ನಡೆಯುತ್ತಿದ್ದೇನೆ ಎಂದು ತಿಳಿಸುವ ದೀಪವೊಂದು ನಿಮ್ಮ ಪೆಟ್ಟಿಗೆಯ ಮೇಲೆ ಇದೆಯೇ ನೋಡಿ. ಯಾರೂ ಫೋನು ಸಿಕ್ಕಿಸದ ಟೆಲಿಫೋನ್ ಕಿಂಡಿಗೆ ದೀಪವಿದೆ. ಯಾರೂ ಏನೂ ಚುಚ್ಚದ ಯುಎಸ್‌ಬಿಗೆ ದೀಪವಿದೆ. ಡಬ್ಲ್ಯುಪಿಎಸ್‌ಗೂ ದೀಪವಿದೆ. ಪಾಸ್‌ವರ್ಡ್ ಟೈಪ್ ಮಾಡುವ ಕಷ್ಟ ತಪ್ಪಿಸಲೆಂದು ಇದನ್ನು ತಂದರು. ಇದಕ್ಕೆ ಎಂಟು ಅಂಕಿಯ ಪಿನ್ ಕೂಡ ಇತ್ತು, ಅಂದರೆ ಕಳ್ಳ 10 ಕೋಟಿ ಸಂಖ್ಯೆಗಳನ್ನು ಪ್ರಯತ್ನಿಸಬೇಕು ಎಂದು ಲೆಕ್ಕ. 2011ರ ಡಿಸೆಂಬರಿನಲ್ಲಿ ಸ್ಟೆಫಾನ್ ಫೀಬಕ್ ಎಂಬ ಸಂಶೋಧಕ ಆ ಲೆಕ್ಕದ ಬಣ್ಣ ಬಯಲು ಮಾಡಿದ. ರೂಟರು ಪಿನ್ನನ್ನು ಎರಡು ತುಂಡು ಮಾಡಿ, ಮೊದಲ ತುಂಡು ಸರಿಯೋ ತಪ್ಪೋ ಎಂದು ತಾನೇ ಬಾಯಿಬಿಡುತ್ತಿತ್ತು. ಕೊನೆಯ ಅಂಕಿ ಬರೀ ತಾಳೆ ನೋಡಲು. 10 ಕೋಟಿ ಕರಗಿ 11,000ಕ್ಕೆ ಇಳಿಯಿತು. ಹಿಂಬಾಗಿಲಿಗೆ ದೀಪ ಇಟ್ಟವರಿಗೆ ಸುತ್ತೋಲೆ ಹಳತಾಗಿದೆ ಎನ್ನಲು ಒಂದು ದೀಪ ಹೆಚ್ಚಾಯಿತು.

ಮುಂಬಾಗಿಲಿನ ಕಥೆ ಇನ್ನೂ ಸೊಗಸು. ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರು ಇಂಥ ಅರವತ್ತರಷ್ಟು ಸಿದ್ಧ ಜೋಡಿಗಳ ಪಟ್ಟಿ ಹಿಡಿದು ಊರೂರು ಕ್ಯಾಮೆರಾ, ರೂಟರುಗಳ ಬಾಗಿಲು ತಟ್ಟಿತು. ತೆರೆದ ಬಾಗಿಲುಗಳ ದಂಡು ಕಟ್ಟಿಕೊಂಡು ಅಕ್ಟೋಬರ್ 21ರಂದು ಡಿಎನ್‌ಎಸ್ ಸೇವೆ ಕೊಡುತ್ತಿದ್ದ ಡೈನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ತತ್ತರಿಸಿದವು. ಮರುವರ್ಷ ಜುಲೈನಲ್ಲಿ ಸರದಿ ನಮ್ಮದು. ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳಿಗೆ ಮಾಲ್‌ವೇರ್ ಬಡಿಯಿತು. ಪೆಟ್ಟು ತಿಂದಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ದೇಶಕ್ಕೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ರಾಜ್ಯ ನಮ್ಮದು. ಮನೆಯ ಬೀಗದ ಮೇಲಿನ ‘ಅಡ್ಮಿನ್’ ಅಳಿಸಲು ಪುರುಸೊತ್ತಿರಲಿಲ್ಲ.

ಹಾಗಾದರೆ ಫರ್ಮ್‌ವೇರ್ ಬದಲಿಸುವ ಹೊಣೆ ಯಾರದು? ಸಂಪರ್ಕ ಕೊಟ್ಟ ಕಂಪನಿಯೇ ಪೆಟ್ಟಿಗೆಯನ್ನೂ ಕೊಟ್ಟಿದ್ದರೆ, ಅದನ್ನು ದೂರದಿಂದಲೇ ಬದಲಿಸುವ ವ್ಯವಸ್ಥೆ ಅದರ ಕೈಯಲ್ಲಿ ಇರುತ್ತದೆ. ಬದಲಿಸಿದರೋ ಇಲ್ಲವೋ ಎಂದು ಯಾರೂ ನಿಮಗೆ ಹೇಳುವುದಿಲ್ಲ. ಎಷ್ಟೋ ಪೆಟ್ಟಿಗೆಗಳಲ್ಲಿ ಗ್ರಾಹಕನ ಲಾಗಿನ್‌ಗೆ ಅಪ್‌ಡೇಟ್ ಬಟನ್ನೇ ಕಾಣಿಸದು. ತಯಾರಕರನ್ನು ಕೇಳಿದರೆ ‘ನಿಮ್ಮ ಇಂಟರ್ನೆಟ್ ಕಂಪನಿಯನ್ನು ಕೇಳಿ’, ಕಂಪನಿಯನ್ನು ಕೇಳಿದರೆ ‘ಸರ್, ಒಮ್ಮೆ ಆಫ್ ಮಾಡಿ’. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಕಾನೂನೇ ಬಂದಿದೆ. ಎಲ್ಲ ಪೆಟ್ಟಿಗೆಗೂ ಒಂದೇ ಸುಲಭದ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ, ಕನಿಷ್ಠ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಮೊದಲೇ ಹೇಳಬೇಕು. ನಮ್ಮಲ್ಲಿ ಅಂಗಡಿಗೆ ಹೋಗಿ ರೂಟರಿನ ಡಬ್ಬಿ ತಿರುಗಿಸಿ ನೋಡಿ. ಆಂಟೆನಾ ನಾಲ್ಕೋ ಆರೋ ಎಂದು ದಪ್ಪಕ್ಷರದಲ್ಲಿದೆ. ಅಪ್‌ಡೇಟ್ ಎಷ್ಟು ವರ್ಷ ಎಂದು ಹುಡುಕುತ್ತಾ ಕೂತರೆ ಅಂಗಡಿಯವನು ಬಾಗಿಲು ಹಾಕುತ್ತಾನೆ.

ಸ್ವಂತ ದುಡ್ಡಿನಲ್ಲಿ ಕೊಂಡ ರೂಟರಾದರೆ ಹೊಣೆ ಪೂರ್ತಿ ನಿಮ್ಮದೇ. ಅಲ್ಲಿ ಬೇರೆ ಗಂಡಾಂತರ. ಹೊಸ ಫರ್ಮ್‌ವೇರ್ ಚಿಪ್ಪಿನ ಮೇಲೆ ಬರೆಯುವ ಎರಡು ಮೂರು ನಿಮಿಷ ದೀಪಗಳೆಲ್ಲ ವಿಚಿತ್ರವಾಗಿ ಮಿಣುಕುತ್ತವೆ. ಆಗ ಕರೆಂಟು ಹೋಗಬಾರದು. ಅರ್ಧ ಬರೆದ ಸುತ್ತೋಲೆಯಲ್ಲಿ ಕಚೇರಿ ತೆರೆಯುವುದಿಲ್ಲ, ಪೆಟ್ಟಿಗೆ ಇಟ್ಟಿಗೆಯಾಗುತ್ತದೆ. ಕರೆಂಟು ಇದ್ದರೂ ಮನೆಯಲ್ಲಿ ಹಿತೈಷಿಗಳಿರುತ್ತಾರೆ. ‘ಎಲ್ಲ ಲೈಟೂ ಹುಚ್ಚೆದ್ದು ಕುಣೀತಿತ್ತು ಕಣೋ, ಅದಕ್ಕೇ ಸ್ವಿಚ್ ತೆಗೆದೆ’ ಎಂದು ದೊಡ್ಡಪ್ಪ ಹೇಳುವಾಗ ಅವರ ಮುಖದಲ್ಲಿ ಬೆಂಕಿ ಆರಿಸಿದ ತೃಪ್ತಿ ಇರುತ್ತದೆ.

ಇಷ್ಟಕ್ಕೇ ಹೆದರಿ ಸುಮ್ಮನಿರಬೇಡಿ. ಈ ಭಾನುವಾರ ಪೆಟ್ಟಿಗೆಯನ್ನು ತಿರುಗಿಸಿ ಕೆಳಗಿನ ಸ್ಟಿಕ್ಕರ್ ಓದಿ. ಅಲ್ಲಿ ಸಾಮಾನ್ಯವಾಗಿ 192.168 ಎಂದು ಶುರುವಾಗುವ ವಿಳಾಸವೊಂದು ಇರುತ್ತದೆ. ಬ್ರೌಸರಿನಲ್ಲಿ ಅದನ್ನು ಹಾಕಿ ಒಳಗೆ ಹೋಗಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ ಆಫ್ ಮಾಡಿ, ಫರ್ಮ್‌ವೇರಿನ ತಾರೀಖು ನೋಡಿ, ಆಟೊ ಅಪ್‌ಡೇಟ್ ಇದ್ದರೆ ಆನ್ ಮಾಡಿ. ಕೈಯಾರೆ ಅಪ್‌ಡೇಟ್ ಮಾಡುವುದಾದರೆ ಸ್ಟಿಕ್ಕರಿನಲ್ಲಿರುವ ಮಾಡೆಲ್ ಮತ್ತು ಹಾರ್ಡ್‌ವೇರ್ ವರ್ಷನ್‌ಗೆ ಹೊಂದುವ ಫೈಲನ್ನೇ ತಯಾರಕರ ಸೈಟಿನಿಂದ ಇಳಿಸಿಕೊಳ್ಳಿ, ಯುಪಿಎಸ್‌ಗೆ ಸಿಕ್ಕಿಸಿ, ದೊಡ್ಡಪ್ಪನನ್ನು ವಾಕಿಂಗಿಗೆ ಕಳಿಸಿ. ಬಟನ್ನೇ ಕಾಣದಿದ್ದರೆ ಕಂಪನಿಗೆ ಬರೆದು ಕೇಳಿ, ಉತ್ತರ ಬರುವವರೆಗೆ ಕೇಳಿ.

ಮಿರಾಯ್ ಹೊಕ್ಕ ರೂಟರುಗಳು ಮನೆಮಂದಿಗೆ ಎಂದಿನಂತೆ ಸಿನಿಮಾ ತೋರಿಸುತ್ತಲೇ ಇದ್ದವು. ದೀಪ ಹಸಿರಾಗಿದ್ದರೆ ಪೆಟ್ಟಿಗೆ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಯಾರ ಕೆಲಸ ಎಂಬುದನ್ನು ನೀವೇ ಒಳಗೆ ಹೋಗಿ ನೋಡಬೇಕು.